ಕೆಂಪು ಪೈಪಿನ ಪೆಟ್ರೋಲು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಪೆಟ್ರೋಲ್ ಬಂಕಿನಲ್ಲಿ ಹನ್ನೆರಡು ವರ್ಷ ಮೇಲ್ವಿಚಾರಕಿಯಾಗಿ ಕೂತವರು ಯಾರೂ ನಂಬುವುದಿಲ್ಲ. ಟ್ಯಾಂಕರಿನವನು ಬಂದು "ಲೋಡು ಸರಿಯಾಗಿದೆ ಮೇಡಂ" ಎಂದರೆ ನಾನು ಮೊದಲು ಸೀಲು ನೋಡುತ್ತೇನೆ, ಆಮೇಲೆ ಅವನ ಮುಖ ನೋಡುತ್ತೇನೆ. ಮನೆಯಲ್ಲಿ ಹಾಲಿನವಳು ಕೊಟ್ಟ ಹಾಲನ್ನೂ ಬೆರಳಿಗೆ ಹಚ್ಚಿ, ಎಷ್ಟು ಬೇಗ ಜಾರುತ್ತದೆ ಎಂದು ನೋಡಿಯೇ ಒಲೆಯ ಮೇಲಿಡುವುದು. ಮದುವೆಯಾದ ಮೂರನೇ ವಾರಕ್ಕೆ, ಸಕ್ಕರೆ ಕಾಯಿಲೆಯ ಮಾವ ಕದ್ದು ಬಿಸ್ಕತ್ತು ತಿನ್ನುವುದನ್ನು ಹಿಡಿದಿದ್ದೆ. ಅವತ್ತೇ ಅವರು ನನಗೆ ಪತ್ತೇದಾರಮ್ಮ ಎಂದು ಹೆಸರಿಟ್ಟರು. ಹೆಸರು ನನಗೂ ಹಿಡಿಸಿತು.

ಅಂಥವಳು ಕೂತಿರುವ ಬಂಕಿನ ಪೆಟ್ರೋಲು ಕಲಬೆರಕೆ ಎಂದು ಅದೇ ಮಾವ ನಾಲ್ಕು ಜನರ ಎದುರು ಹೇಳಿದರೆ ಮೈ ಉರಿಯದೆ ಇರುತ್ತದೆಯೇ?

ಮಾವ ಶಾಲೆಯ ವ್ಯಾನು ಓಡಿಸುತ್ತಾರೆ. ಮೊದಲು ಲಾರಿ, ಆಮೇಲೆ ಬಸ್ಸು, ಈಗ ಒಂಬತ್ತು ವರ್ಷದಿಂದ ಈ ವ್ಯಾನು. ದಿನಾ ಹನ್ನೊಂದು ಮಕ್ಕಳು ಅದರಲ್ಲಿ ಹೋಗಿಬರುತ್ತವೆ, ಅದರಲ್ಲಿ ಒಂದು ನನ್ನ ಆರು ವರ್ಷದ ಮಗಳು. ಶಾಲೆ ಇರುವುದು ನೀರಿನ ಟ್ಯಾಂಕಿನ ಏರಿನ ತುದಿಯಲ್ಲಿ. ಏರು ಚಿಕ್ಕದಾದರೂ ಕಡಿದಾಗಿದೆ. ತುದಿಯಲ್ಲಿ ಒಂದು ತಿರುವು, ತಿರುವಿನ ಪಕ್ಕದಲ್ಲಿ ಮೊಣಕಾಲೆತ್ತರದ ಕಟ್ಟೆ.

ಅವತ್ತು ಸಂಜೆ ಮಕ್ಕಳನ್ನೆಲ್ಲ ಮನೆಗೆ ಬಿಟ್ಟು ಬಂಕಿಗೆ ಬಂದರು. ಮುಂಚೆಯಾದರೆ ಇಳಿದು ನನ್ನ ಕ್ಯಾಬಿನ್ನಿಗೆ ಬಂದು, ನನ್ನ ಬಾಟಲಿಯಿಂದಲೇ ನೀರು ಕುಡಿದು, ಊರಿನ ಸುದ್ದಿಯೆಲ್ಲ ಒಪ್ಪಿಸಿ ಹೋಗುತ್ತಿದ್ದರು. ಕೆಲವು ತಿಂಗಳಿಂದ ಸೀಟಿನಲ್ಲೇ ಕೂತು ಹಾರ್ನ್ ಹೊಡೆಯುವುದು ರೂಢಿಯಾಗಿತ್ತು. ಬಿಸ್ಕತ್ತಿನ ಹೊಸ ಡಬ್ಬಿಯನ್ನೂ ನಾನು ಹಿಡಿದದ್ದಕ್ಕೆ ಮುನಿಸು ಎಂದುಕೊಂಡು ನಾನೂ ಸುಮ್ಮನಿದ್ದೆ. ಅವತ್ತು ಹಾರ್ನಿನ ಜೊತೆಗೆ ಕೂಗೂ ಬಂತು.

"ಏನಮ್ಮಾ, ಏನು ಬೆರೆಸ್ತೀರಿ ಇದಕ್ಕೆ? ಬೆಳಿಗ್ಗೆ ಏರಲ್ಲಿ ವ್ಯಾನು ಎಮ್ಮೆ ಹಾಗೆ ನಿಂತುಬಿಡ್ತು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ನನ್ನ ಮಾನ ತೆಗೆದ್ರು!"

ಸಾಲಿನಲ್ಲಿ ಅದೇ ಶಾಲೆಯ ಹೆಡ್ ಮಿಸ್ ಸ್ಕೂಟರ್ ಹಿಡಿದು ನಿಂತಿದ್ದರು. ತೆರೆದಿದ್ದ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ಮುಚ್ಚಿದರು.

"ಹೌದಾ? ನನ್ನ ಗಾಡೀನೂ ಈಚೆಗೆ ಒಂಥರಾ ಮಾಡ್ತಿದೆ" ಎಂದು ಹೇಳಿ ಹೋಗಿಯೇಬಿಟ್ಟರು. ಮತ್ತೆ ನಮ್ಮ ಬಂಕಿನ ಕಡೆ ತಲೆ ಹಾಕಲಿಲ್ಲ.

ನಾನು ಕ್ಯಾಬಿನ್ನಿನಿಂದ ಫಿಲ್ಟರ್ ಪೇಪರ್ ತಂದೆ. ಪೈಪಿನ ಬಾಯಿ ಒರೆಸಿ ಪೇಪರಿನ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟರೆ, ಒಳ್ಳೆಯ ಪೆಟ್ರೋಲಾದರೆ ಎರಡು ನಿಮಿಷದಲ್ಲಿ ಗುರುತಿಲ್ಲದಂತೆ ಆರಿಹೋಗುತ್ತದೆ, ಬೇರೇನಾದರೂ ಬೆರೆತಿದ್ದರೆ ಕಲೆ ಉಳಿಯುತ್ತದೆ. ವ್ಯಾನಿನ ಕಿಟಕಿಯ ಹತ್ತಿರವೇ ನಿಂತು ಮಾಡಿ ತೋರಿಸಿದೆ. ಕಲೆ ಉಳಿಯಲಿಲ್ಲ.

ಮಾವ ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು. "ಪೇಪರ್ ಏರು ಹತ್ತುತ್ತೇನಮ್ಮಾ?" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಅವತ್ತಿನಿಂದ ನನ್ನ ತಲೆ ಕೆಟ್ಟುಹೋಯಿತು. ನಮ್ಮ ಪೆಟ್ರೋಲಿನಲ್ಲಿ ಏನೂ ಇಲ್ಲ ಎಂದು ನನಗೆ ಗೊತ್ತು, ಆದರೂ ಎಲ್ಲೋ ಏನೋ ಇರಬೇಕಲ್ಲ! ಟ್ಯಾಂಕರ್ ಬಂದಾಗ ಗಾಜಿನ ಜಾಡಿಯಲ್ಲಿ ಅಳತೆಕಡ್ಡಿ ತೇಲಿಬಿಟ್ಟು ಸಾಂದ್ರತೆಯನ್ನು ಒಂದಲ್ಲ ಮೂರು ಸಲ ನೋಡಿದೆ. ಪೈಪು ಹಿಡಿಯುವ ಜೀರೋ ಅಕ್ಕನ ಮೇಲೂ ಕಣ್ಣಿಟ್ಟೆ. ಬಂದವರಿಗೆಲ್ಲ "ಜೀರೋ ನೋಡ್ಕೊಳ್ಳಿ, ಜೀರೋ ನೋಡ್ಕೊಳ್ಳಿ" ಎನ್ನುವ ಅವಳನ್ನು, ಜೀರೋ ತೋರಿಸುವ ಭರದಲ್ಲಿ ಬೇರೇನೋ ಮರೆಸುತ್ತಾಳೇನೋ ಎಂದು ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಪಾಪ, ಅವಳು ಇಪ್ಪತ್ತು ವರ್ಷದಿಂದ ತೋರಿಸುತ್ತಿದ್ದದ್ದು ಬರೀ ಜೀರೋ.

ಕೊನೆಗೆ ಮೆಕ್ಯಾನಿಕ್ಕನ ಹತ್ತಿರ ಹೋದೆ. ಅವನು ಪ್ಲಗ್ಗು, ಫಿಲ್ಟರು, ಕ್ಲಚ್ಚು ಎಲ್ಲ ನೋಡಿಯಾಗಿತ್ತು.

"ವ್ಯಾನು ಗಟ್ಟಿಮುಟ್ಟಾಗಿದೆ ಮೇಡಂ. ಸುಮ್ನೆ ಬಿಚ್ಚಿ ಕೂಡಿಸಿದ್ದಷ್ಟೇ."

"ಹಾಗಾದ್ರೆ ಏರು ಯಾಕೆ ಹತ್ತಲ್ಲ?"

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಅದಕ್ಕೇ ನಿಮ್ಮ ಮಾವನವರಿಗೆ ಪ್ರೀಮಿಯಂ ಹಾಕಿ ನೋಡಿ ಅಂದೆ."

ಮೆಕ್ಯಾನಿಕ್ಕುಗಳಿಗೆ ಏನೂ ತೋಚದಿದ್ದಾಗ ಬರುವ ಮಾತು ಇದು. ನಮ್ಮ ಬಂಕಿನಲ್ಲಿ ಮೂರು ಹಸಿರು ಪೈಪು, ಒಂದು ಕೆಂಪು ಪೈಪು ಇವೆ. ಕೆಂಪಿನದು ಪ್ರೀಮಿಯಂ. "ಬಂದವರಿಗೆಲ್ಲ ಮೊದಲು ಕೆಂಪು ತೋರಿಸಿ" ಎಂದು ಮಾಲೀಕರು ಹೇಳುತ್ತಲೇ ಇರುತ್ತಾರೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ದುಬಾರಿ ಪೆಟ್ರೋಲಿನಲ್ಲಿ ಹೆಚ್ಚಿನ ಶಕ್ತಿಯೇನೂ ಅಡಗಿ ಕೂತಿರುವುದಿಲ್ಲ. ಕೆಲವು ಎಂಜಿನ್ನುಗಳು ಪೆಟ್ರೋಲನ್ನು ಬಹಳ ಬಿಗಿಯಾಗಿ ಅದುಮುತ್ತವೆ. ಅಲ್ಲಿ ಸಾಧಾರಣ ಪೆಟ್ರೋಲು ಹೊತ್ತಿಗೆ ಮುಂಚೆ ಉರಿದು ಟಕಟಕ ಸದ್ದು ಮಾಡುತ್ತದೆ, ಪ್ರೀಮಿಯಂ ಆದರೆ ತಡೆದುಕೊಳ್ಳುತ್ತದೆ. ಅಂಥ ಗಾಡಿಯವರು ಹಾಕಿಸಿಕೊಳ್ಳಲಿ, ತಯಾರಿಸಿದವರೇ ಪುಸ್ತಕದಲ್ಲಿ ಬರೆದು ಕೊಟ್ಟಿರುತ್ತಾರೆ. ದಿನಾ ಮಕ್ಕಳನ್ನು ಹೊತ್ತು ತಿರುಗುವ ಈ ವ್ಯಾನಿನ ಎಂಜಿನ್ನು ಅಷ್ಟು ಬಿಗಿಯದ್ದಲ್ಲ. ಅದಕ್ಕೆ ಹಸಿರು ಪೈಪಿನದು ಬೇಕಾದಷ್ಟಾಯಿತು.

ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ. ಅವರು ಮರುದಿನವೇ ಕೆಂಪು ಪೈಪಿನ ಮುಂದೆ ವ್ಯಾನು ನಿಲ್ಲಿಸಿದರು.

ಆಮೇಲೆ ಮನೆಯಲ್ಲಿ ಅದೇ ಮಾತು. "ಹಾರ್ತಾ ಇದೆ ಕಣೋ, ಹಾರ್ತಾ ಇದೆ!" ಎಂದು ಮಗನ ಮುಂದೆ ಹೇಳುವುದು, ಹೇಳಿ ನನ್ನ ಕಡೆ ನೋಡುವುದು. ನಮ್ಮನೆಯವರು ಬೀಗ ರಿಪೇರಿ ಮಾಡುವವರು. ಊರಿನ ಬೀಗವನ್ನೆಲ್ಲ ತೆರೆಯುತ್ತಾರೆ, ಅಪ್ಪನ ಎದುರು ಮಾತ್ರ ಬಾಯಿ ತೆರೆಯುವುದಿಲ್ಲ. "ಹಾರಲಿ ಬಿಡಪ್ಪ" ಎಂದು ಸುಮ್ಮನಾಗುತ್ತಿದ್ದರು. ಹದಿನೈದು ದಿನ ಹಾರಿದ ವ್ಯಾನು ಒಂದು ದಿನ ಮತ್ತೆ ಏರಿನಲ್ಲಿ ನಿಂತಿತು. "ಈಗ ಕೆಂಪಿಗೂ ಬೆರೆಸೋಕೆ ಶುರು ಮಾಡಿದ್ರಾ?" ಎಂದು ಮಾವ ಕೇಳಿದಾಗ ನನ್ನ ಸಹನೆ ಮುಗಿಯಿತು. ಇದು ಪೆಟ್ರೋಲಿನ ಮಾತಲ್ಲ, ಬಿಸ್ಕತ್ತಿನ ಸೇಡು, ನನ್ನನ್ನು ಜನರ ಮುಂದೆ ಕೆಳಗೆ ಹಾಕಬೇಕು ಎನ್ನುವ ಹಟ ಎಂದು ತೀರ್ಮಾನಿಸಿಬಿಟ್ಟೆ.

ಮುಂದಿನ ರಜೆಯ ದಿನ, "ಚಕ್ರದ ಗಾಳಿ ನೋಡಿಸಿ, ಹೊಸ ಲೋಡಿನ ಕೆಂಪು ಪೆಟ್ರೋಲನ್ನೇ ತುಂಬಿಸಿ ತರ್ತೀನಿ ಮಾವ" ಎಂದು ಚಾವಿ ಇಸಿದುಕೊಂಡೆ. ವ್ಯಾನಿನ ಟ್ಯಾಂಕು ಹೆಚ್ಚುಕಡಿಮೆ ಖಾಲಿಯಿತ್ತು. ತುಂಬಿಸಿದ್ದು ಹಸಿರು ಪೈಪಿನದು. ಹಾಗೇ ಏರಿಗೆ ಹೋದೆ. ಎರಡನೇ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿತು, ಎಲ್ಲೂ ಮುಗ್ಗರಿಸಲಿಲ್ಲ. ಮತ್ತೆ ಇಳಿದು ಮತ್ತೆ ಹತ್ತಿಸಿದೆ. ಸ್ಟೀರಿಂಗಿನ ಹಿಂದೆ ಕೂತು ಒಬ್ಬಳೇ ನಕ್ಕೆ. ಆ ಕಟ್ಟೆಯ ಪಕ್ಕ ವ್ಯಾನು ನಿಲ್ಲಿಸಿ ಎರಡು ನಿಮಿಷ ಯೋಚಿಸಬೇಕಿತ್ತು ನಾನು. ಯೋಚಿಸಲಿಲ್ಲ.

ಮರುದಿನ ಸಂಜೆ ಮಾವನ ಮುಖ ಅರಳಿತ್ತು. "ನೋಡಿದ್ಯಾ ಪತ್ತೇದಾರಮ್ಮ? ಹೊಸ ಲೋಡು ಅಂದ್ರೆ ಹೊಸ ಲೋಡು! ಕುದುರೆ ಹತ್ತಿದ ಹಾಗೆ ಹತ್ತಿತು."

ಎಲ್ಲರೂ ಊಟಕ್ಕೆ ಕೂರುವವರೆಗೆ ಬಾಯಿ ಬಿಗಿಹಿಡಿದೆ. ತಟ್ಟೆಗೆ ಬಡಿಸಿದ ಮೇಲೆ ಹೇಳಿದೆ. "ಮಾವ, ನಿನ್ನೆ ತುಂಬಿಸಿದ್ದು ಕೆಂಪಲ್ಲ, ಹಸಿರು."

ನಮ್ಮನೆಯವರು ನಗಲಿಕ್ಕೆ ಹೋಗಿ ತುತ್ತು ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದರು. ನಾನು ಅವರ ಬೆನ್ನು ತಟ್ಟುತ್ತಾ ನಗುತ್ತಿದ್ದೆ. ಮಾವ ಮಾತ್ರ ಲೋಟ ಕೆಳಗಿಟ್ಟರು.

"ಹಸಿರಾ?"

"ಹಸಿರೇ."

"ನಿಜವಾಗ್ಲೂ?"

"ಬಿಲ್ಲು ತೋರಿಸ್ಲಾ?"

ಅವರು ಬೇಡವೆಂದು ತಲೆಯಾಡಿಸಿದರು. ಬಲಗಾಲಿನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತರು. ಸೋತ ನಾಚಿಕೆ ಎಂದುಕೊಂಡೆ. ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ?

ಮಗಳು ನಡುವೆ ಬಾಯಿ ಹಾಕಿದಳು. "ಅಮ್ಮಾ, ಏರಲ್ಲಿ ಅಜ್ಜ ರೋಡ್ ನೋಡಲ್ಲ. ಕೆಳಗೆ ನೋಡ್ತಾರೆ."

"ಪೆಟ್ರೋಲ್ ಮುಳ್ಳು ನೋಡ್ತಾರೆ ಪುಟ್ಟಿ, ಎಷ್ಟು ಉಳಿದಿದೆ ಅಂತ. ನೀನು ಊಟ ಮಾಡು" ಎಂದೆ. ಪೆಟ್ರೋಲಿನ ಮುಳ್ಳು ಇರುವುದು ಸ್ಟೀರಿಂಗಿನ ಎದುರಿಗೆ. ಅದನ್ನು ನೋಡಲು ಯಾರೂ ಕೆಳಗೆ ಬಗ್ಗುವುದಿಲ್ಲ. ಹಾಲಿನ ಹನಿಯನ್ನೂ ನಂಬದ ನಾನು ನನ್ನದೇ ಮಾತನ್ನು ಹೇಗೆ ನಂಬಿದೆನೋ.

ನಮ್ಮ ವ್ಯಾನಿಗೆ ಇನ್ನು ಕೆಂಪು ಪೈಪು ಹಾಕಕೂಡದು ಎಂದು ಜೀರೋ ಅಕ್ಕನಿಗೆ ಕಟ್ಟಪ್ಪಣೆ ಮಾಡಿದೆ. ಮಾವ ಮನೆಯಲ್ಲಿ ನನ್ನ ಜೊತೆ ಮಾತು ಬಿಟ್ಟರು. ಆ ವಾರ ಹಾಗೇ ಕಳೆಯಿತು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ. ಶಾಲೆ ಬಿಡುವುದು ಎರಡೂವರೆಗೆ. ಬಿಸಿಲು ಹೇಗಿತ್ತೆಂದರೆ ಜೀರೋ ಅಕ್ಕ ಸಿಮೆಂಟಿನ ನೆಲದ ಮೇಲೆ ಒಂದೇ ಕಡೆ ನಿಲ್ಲದೆ, ರಬ್ಬರ್ ಚಪ್ಪಲಿಯಲ್ಲೂ ಕಾಲು ಬದಲಾಯಿಸುತ್ತಾ ಇದ್ದಳು. ಆ ನೆಲದ ರುಚಿ ನನಗೆ ಗೊತ್ತು. ಒಮ್ಮೆ ಚಪ್ಪಲಿ ಕಿತ್ತುಹೋಗಿ ನಾಲ್ಕು ಹೆಜ್ಜೆ ಬರಿಗಾಲಲ್ಲಿ ಕುಣಿದುಕೊಂಡು ಬಂದಿದ್ದೆ, ಎರಡು ದಿನ ಅಂಗಾಲು ಉರಿದಿತ್ತು.

ವ್ಯಾನು ಬಂದು ಕೆಂಪು ಪೈಪಿನ ಹತ್ತಿರ ನಿಂತಿತು. ಜೀರೋ ಅಕ್ಕ ಕೈಯಾಡಿಸಿ ಏನೋ ಹೇಳುವುದು, ಮಾವ ಕಿಟಕಿಯಿಂದ ಕತ್ತು ಹೊರಹಾಕಿ ಏನೋ ಕೂಗುವುದು ಗಾಜಿನಾಚೆ ಕಂಡಿತು. ಆಮೇಲೆ ವ್ಯಾನಿನ ಬಾಗಿಲು ತೆರೆಯಿತು. ಎಷ್ಟೋ ತಿಂಗಳ ಮೇಲೆ ಮಾವ ಇಳಿದರು, ನೇರ ನನ್ನ ಕ್ಯಾಬಿನ್ನಿನ ಕಡೆಗೆ ಇಪ್ಪತ್ತು ಹೆಜ್ಜೆ ನಡೆದು ಬಂದರು. ನಾನೂ ಸೆರಗು ಬಿಗಿದುಕೊಂಡು ಬಾಗಿಲಿಗೆ ಹೋದೆ.

"ನನ್ನ ವ್ಯಾನಿಗೆ ಏನು ಹಾಕ್ಬೇಕು ಅಂತ ನೀನು ಯಾರು ಹೇಳೋಕೆ? ನೀನು ಹುಟ್ಟೋ ಮುಂಚಿಂದ ಗಾಡಿ ಓಡಿಸ್ತಿದೀನಿ ನಾನು! ನನ್ನ ದುಡ್ಡು, ನನ್ನ ಗಾಡಿ, ನಿಂದೇನು ನಡುವೆ?"

ನನ್ನ ಬಾಯಲ್ಲಿ ಉತ್ತರ ತಯಾರಿತ್ತು. ಅಷ್ಟರಲ್ಲಿ ಕಣ್ಣು ಕೆಳಗೆ ಹೋಯಿತು.

ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲು ಬರಿಗಾಲು. ಆ ಕಾದ ನೆಲದ ಮೇಲೆ, ಮೈಭಾರವನ್ನೆಲ್ಲ ಅದರ ಮೇಲೇ ಬಿಟ್ಟು, ಮಾವ ನಿಂತು ಕೂಗುತ್ತಿದ್ದರು.

"ಮಾವ, ನಿಮ್ಮ ಚಪ್ಪಲಿ ಎಲ್ಲಿ?"

"ಮಾತು ಬದಲಾಯಿಸ್ಬೇಡ!"

"ಬಲಗಾಲಿನ ಚಪ್ಪಲಿ ಮಾವ."

ಅವರು ಬಗ್ಗಿ ನೋಡಿದರು. ಅದು ಬೇರೆ ಯಾರದೋ ಕಾಲು ಎನ್ನುವ ಹಾಗೆ ನೋಡಿದರು. ಮಗಳು ಹೇಳಿದ ನೋಟ ಇದೇ ಎಂದು ಆಗ ಹೊಳೆಯಿತು.

ಕೈ ಹಿಡಿದು ಒಳಗೆ ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಜೀರೋ ಅಕ್ಕ ವ್ಯಾನಿನೊಳಗೆ ಪೆಡಲಿನ ಪಕ್ಕ ಬಿದ್ದಿದ್ದ ಚಪ್ಪಲಿಯನ್ನು ತಂದು ಬಾಗಿಲಲ್ಲಿಟ್ಟು ಹೋದಳು. ನಾನು ನೆಲದಲ್ಲಿ ಕೂತು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಅಂಗಾಲು ಕೆಂಪಗಾಗಿ, ಹೆಬ್ಬೆರಳ ಬುಡದಲ್ಲಿ ಆಗಲೇ ಬೊಬ್ಬೆ ಏಳುತ್ತಿತ್ತು. ಹಿಮ್ಮಡಿಯಲ್ಲಿ ಒಂದು ಜಲ್ಲಿಚೂರು ಒಳಕ್ಕೇ ಕೂತಿತ್ತು, ಇವತ್ತಿನದಲ್ಲ. ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನೇ ಕೊಲ್ಲುತ್ತದೆ ಎಂದು ಎಲ್ಲೋ ಕೇಳಿದ್ದು ನೆನಪಾಯಿತು.

"ಮುಖ ಆ ಕಡೆ ತಿರುಗಿಸಿ ಮಾವ. ಪೆನ್ನಿಂದ ಒತ್ತುತ್ತೀನಿ, ಗೊತ್ತಾದ್ರೆ ಹೇಳಿ."

ಅವರು ಗೋಡೆಯ ಕಡೆ ತಿರುಗಿದರು.

"ಒತ್ತಿದೆ. ಗೊತ್ತಾಯ್ತಾ?"

"ಹೂಂ. ಗೊತ್ತಾಗುತ್ತೆ. ಯಾಕೆ ಗೊತ್ತಾಗಲ್ಲ?"

ಪೆನ್ನು ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಪಾದಕ್ಕೆ ಮುಟ್ಟಿಸಿಯೇ ಇರಲಿಲ್ಲ.

ಮಾವ ತಿರುಗಿ ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು. ಅವರಿಗೂ ಅರ್ಥವಾಯಿತು.

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತು. ಮೊದ್ಲು ಬೆರಳು. ಜೋಮು ಹಿಡಿದ ಹಾಗೆ. ಆಮೇಲೆ ಪಾದ ಪೂರ್ತಿ. ಪೆಡಲ್ ಮೇಲೆ ಇದೆಯೋ ಇಲ್ವೋ ಅಂತ ಬಗ್ಗಿ ನೋಡಿದ್ರೇ ಗೊತ್ತಾಗೋದು. ನಡೆದ್ರೆ ನೀನು ಕಂಡುಹಿಡೀತೀಯ ಅಂತ ಇಲ್ಲಿ ಇಳೀತಿರ್ಲಿಲ್ಲ."

"ಮತ್ತೆ ಕೆಂಪು ಪೈಪಿನದು ಹಾಕಿದಾಗ ಹಾರಿತು ಅಂತಿದ್ರಲ್ಲ?"

"ಒಳ್ಳೆ ಪೆಟ್ರೋಲು ಅಂತ ಧೈರ್ಯ ಮಾಡಿ ಒತ್ತಿದೆ. ಎಷ್ಟು ಒತ್ತಿದೆ ಅಂತ ನಂಗೇ ಗೊತ್ತಿಲ್ಲ."

ಆ ತಿರುವು, ಮೊಣಕಾಲೆತ್ತರದ ಆ ಕಟ್ಟೆ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರುವ ನನ್ನ ಮಗಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಬ್ರೇಕು, ಮಾವ? ಬ್ರೇಕೂ ಇದೇ ಕಾಲಲ್ಲಿ ತಾನೇ?"

ಅವರು ಮೇಜಿನ ಮೇಲಿದ್ದ ಫಿಲ್ಟರ್ ಪೇಪರಿನ ಕಟ್ಟನ್ನು ಬೆರಳಿಂದ ನೇರ ಮಾಡುತ್ತಾ ಮೆಲ್ಲಗೆ ಹೇಳಿದರು. "ಪೆಟ್ರೋಲ್‌ದೇ ತಪ್ಪು ಇರ್ಲಿ ಅಂತ ಬೇಡ್ಕೊಂಡೆ ಕಣಮ್ಮಾ. ಪೆಟ್ರೋಲಾದ್ರೆ ಬದಲಾಯಿಸ್ಬಹುದಲ್ಲ."

ನನಗೆ ಅಳು ಬಂತು, ನನ್ನ ಮೇಲೇ ಸಿಟ್ಟೂ ಬಂತು. ಅವತ್ತು ಊಟದ ಹೊತ್ತಿನಲ್ಲಿ ಆ ಮನುಷ್ಯನ ಕೊನೆಯ ಆಸರೆಯನ್ನು ಎಲ್ಲರ ಮುಂದೆ ಕಿತ್ತು ನಕ್ಕಿದ್ದೆ. ಹಸಿರು ಪೆಟ್ರೋಲಿನಲ್ಲಿ ನನಗೆ ಏರು ಹತ್ತಿದ ವ್ಯಾನು ಅವರಿಗೆ ಯಾಕೆ ಹತ್ತುವುದಿಲ್ಲ ಎನ್ನುವ ಪ್ರಶ್ನೆ ನನ್ನ ಅಂಗೈಯಲ್ಲೇ ಇತ್ತು. ಊರನ್ನೆಲ್ಲ ಅನುಮಾನಿಸಿದ ನಾನು ಅದೊಂದನ್ನು ಕೇಳಲಿಲ್ಲ. ನನಗೆ ಗೆದ್ದರೆ ಸಾಕಿತ್ತು. ನಾನು ಗೆದ್ದ ಮೇಲೂ ಆ ವಾರವೆಲ್ಲ ಹನ್ನೊಂದು ಮಕ್ಕಳು ಆ ವ್ಯಾನಿನಲ್ಲಿ ಹೋಗಿಬಂದಿದ್ದವು.

ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

"ಚಾವಿ ಕೊಡಿ ಮಾವ."

"ಇವತ್ತೊಂದಿನ ನಾನೇ ಹೋಗ್ತೀನಮ್ಮಾ. ನಿಧಾನಕ್ಕೆ ಹೋಗ್ತೀನಿ. ನಾಳೆಯಿಂದ ಬೇಕಾದ್ರೆ..."

"ಹನ್ನೊಂದು ಮಕ್ಕಳು ಮಾವ. ಒಂದು ನಮ್ಮದೇ."

ಅವರು ಜೇಬಿನಿಂದ ಚಾವಿ ತೆಗೆದು ಒಂದು ಸಲ ಮುಷ್ಟಿ ಬಿಗಿದು, ಆಮೇಲೆ ಫಿಲ್ಟರ್ ಪೇಪರಿನ ಕಟ್ಟಿನ ಮೇಲೆ ಇಟ್ಟರು.

ನಾನು ಓಡಿಸಿದೆ. ಮಾವ ಪಕ್ಕದ ಸೀಟಿನಲ್ಲಿ, ಪಾದಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಟ್ಯಾಂಕಿನಲ್ಲಿದ್ದ ಸ್ವಲ್ಪ ಹಸಿರು ಪೆಟ್ರೋಲಿಗೇ ವ್ಯಾನು ಏರನ್ನು ಆರಾಮಾಗಿ ಹತ್ತಿತು.

ಶಾಲೆಯ ಗೇಟಿನಲ್ಲಿ ಮಕ್ಕಳ ಸಾಲು ನಿಂತಿತ್ತು, ಪಕ್ಕದಲ್ಲಿ ಐದಾರು ಜನ ತಾಯಂದಿರು. ಹೆಡ್ ಮಿಸ್ ನನ್ನನ್ನು ಸ್ಟೀರಿಂಗಿನಲ್ಲಿ ನೋಡಿ ಬೇಗ ಬೇಗ ಬಂದರು.

"ಏನಾಯ್ತು? ಮತ್ತೆ ನಿಂತುಬಿಡ್ತಾ ವ್ಯಾನು? ಮತ್ತೆ ಅದೇ ಪೆಟ್ರೋಲ್ ತೊಂದರೆನಾ?"

ತಾಯಂದಿರೆಲ್ಲ ನಮ್ಮ ಕಡೆ ತಿರುಗಿದರು. ನಾನು ಮಾವನನ್ನು ನೋಡಿದೆ. ಅವರು ಚಪ್ಪಲಿಯ ಪಟ್ಟಿಯನ್ನು ಹಿಡಿದುಕೊಂಡು ತಲೆ ಬಗ್ಗಿಸಿದ್ದರು. ನಾಲ್ಕು ದಶಕ ಗಾಡಿ ಓಡಿಸಿದ ಮನುಷ್ಯ ಇಷ್ಟು ಜನರ ಮುಂದೆ ಕುಗ್ಗುವುದು ಬೇಡ ಅನ್ನಿಸಿತು. ಬೇರೆ ಡ್ರೈವರ್ ಬೇಕು ಎಂದು ಆಮೇಲೆ ನಾನೊಬ್ಬಳೇ ಬಂದು ಮಿಸ್ಸಿಗೆ ಹೇಳಿದರಾಯಿತು, ಇವತ್ತು ತಪ್ಪು ಪೆಟ್ರೋಲಿನ ಮೇಲೇ ಇರಲಿ ಎಂದುಕೊಂಡೆ. ಹನ್ನೆರಡು ವರ್ಷದಲ್ಲಿ ಎಂದೂ ಬಾರದ ಮಾತು ನನ್ನ ಬಾಯಿಗೆ ಬಂತು.

"ಹೌದು ಮಿಸ್, ಪೆಟ್ರೋಲು ಸ್ವಲ್ಪ..."

"ಪೆಟ್ರೋಲು ಚೆನ್ನಾಗಿದೆ ಮಿಸ್" ಎಂದರು ಮಾವ. ದನಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ. "ಮೊದಲಿಂದಾನೂ ಚೆನ್ನಾಗೇ ಇತ್ತು. ನನ್ನ ಬಲಗಾಲಿಗೆ ಏನೂ ಗೊತ್ತಾಗಲ್ಲ. ನಾನೇ ಮುಚ್ಚಿಟ್ಟಿದ್ದು. ನಾಳೆಯಿಂದ ಬೇರೆ ಡ್ರೈವರ್ ನೋಡ್ಕೊಳ್ಳಿ."

ಒಬ್ಬ ತಾಯಿ ತನ್ನ ಮಗುವಿನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆ ಕೈ ನೋಡಿ ಮಾವನ ಮುಖ ಸಣ್ಣದಾಯಿತು, ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಮಕ್ಕಳು ಹತ್ತಿದವು. ನನ್ನ ಮಗಳು ತನ್ನ ಜಾಗದಲ್ಲಿ ಕೂತು ಅಜ್ಜನ ಭುಜ ತಟ್ಟಿದಳು.

"ಅಜ್ಜಾ, ಇವತ್ತು ಯಾಕೆ ಈ ಕಡೆ ಕೂತಿದೀರಾ?"

"ರೋಡ್ ನೋಡೋಕೆ ಪುಟ್ಟಿ" ಎಂದರು ಮಾವ. "ಎಷ್ಟೋ ದಿನ ಆಗಿತ್ತು ನೋಡಿ."

ನಾನು ಚಾವಿ ತಿರುಗಿಸಿದೆ. ಇಳಿಜಾರಿಗೆ ಹೊರಳುವ ಮುಂಚೆ ಒಮ್ಮೆ ಬ್ರೇಕು ಒತ್ತಿ ನೋಡಿದೆ, ಆಮೇಲೆ ಮತ್ತೊಮ್ಮೆ ಒತ್ತಿ ನೋಡಿದೆ.